ಫಿಟ್ಸು ಬಂದ ಮಗುವಿನ ಕೈಗೆ ಬೀಗದ ಕೈ ಕೊಡಬೇಕೇ?

ಪ್ರಶ್ನೆ: ನಾನು ಬದಿಯಡ್ಕ ಕಡೆಯ ಕನ್ನಡ ಎಲ್.ಪಿ. ಶಾಲೆಯಲ್ಲಿ ಟೀಚರ್. ಮೂರನೇ ಕ್ಲಾಸಿನ ಹುಡುಗಿಗೆ ಅಸೆಂಬ್ಲಿಯಲ್ಲಿ ಫಿಟ್ಸು ಬಂತು. ಯಾರೋ ಬೀಗದ ಕೈಗೊಂಚಲು ತಂದು ಅವಳ ಕೈಗಿಟ್ಟರು, ನಿಂತಿತು. ಕಬ್ಬಿಣಕ್ಕೆ ನಿಜವಾಗಿ ಆ ಗುಣವಿದೆಯೇ?

ಇಲ್ಲ ಟೀಚರ್. ಹೆಚ್ಚಿನ ಫಿಟ್ಸು ಒಂದರಿಂದ ಮೂರು ನಿಮಿಷದೊಳಗೆ ತಾನಾಗಿಯೇ ನಿಲ್ಲುತ್ತದೆ. ಆಫೀಸಿಗೆ ಓಡಿ ಬೀಗದ ಕೈ ಹುಡುಕಿ ತರುವಾಗ ಅಷ್ಟು ಹೊತ್ತು ಕಳೆದಿರುತ್ತದೆ. ಅದಕ್ಕೇ ಈ ನಂಬಿಕೆ ಗಟ್ಟಿಯಾಗಿ ಉಳಿದಿದೆ. ಏರುಪೇರಾಗಿರುವುದು ಮಿದುಳಿನ ನರಕೋಶಗಳ ವಿದ್ಯುತ್ತು; ಮುಷ್ಟಿಯೊಳಗಿನ ಕಬ್ಬಿಣ ಅಲ್ಲಿಗೆ ಮುಟ್ಟುವುದಿಲ್ಲ.

ಆ ಹೊತ್ತಿನಲ್ಲಿ ಮೊದಲು ಗಡಿಯಾರ ನೋಡಿ. ತಲೆಯಡಿಗೆ ಮೆತ್ತಗಿನದೇನಾದರೂ ಇಟ್ಟು ಮಗುವನ್ನು ಮಗ್ಗುಲಿಗೆ ತಿರುಗಿಸಿ, ಜೊಲ್ಲು ಹೊರಗೆ ಹೋಗಲಿ. ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚವಾಗಲಿ ನೀರಾಗಲಿ ಹಾಕಲೇಬೇಡಿ. ಐದು ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಮತ್ತೆ ಬಂದರೆ ಅಥವಾ ಇದೇ ಮೊದಲ ಸಲವಾದರೆ 108ಕ್ಕೆ ಫೋನ್ ಮಾಡಿ.

ನೀವು ಕೇಳದ ಇನ್ನೊಂದು ವಿಷಯ ಹೇಳುತ್ತೇನೆ, ನನಗೆ ಹೆಚ್ಚು ಸಂಕಟವಾಗುವುದು ಅದರಿಂದಲೇ. ಬರೆಯುತ್ತಿದ್ದ ಮಗು ತಟ್ಟನೆ ಪೆನ್ಸಿಲ್ ನಿಲ್ಲಿಸಿ ಹತ್ತು ಸೆಕೆಂಡು ಎತ್ತಲೋ ನೋಡುತ್ತದೆ. ಕರೆದರೆ ಓಗೊಡುವುದಿಲ್ಲ. ಮತ್ತೆ ಏನೂ ಆಗದಂತೆ ಬರೆಯತೊಡಗುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾಗಬಹುದು. ಉಕ್ತಲೇಖನದಲ್ಲಿ ನಡುನಡುವೆ ಪದಗಳೇ ಇರುವುದಿಲ್ಲ. ಬೀಳುವುದಿಲ್ಲ, ನಡುಗುವುದಿಲ್ಲ, ಹಾಗಾಗಿ ಗಮನವಿಲ್ಲದ ಮಗು ಎಂದು ಬೈಗುಳ ತಿನ್ನುತ್ತದೆ. ಇದೂ ಅಪಸ್ಮಾರದ, ಅಂದರೆ ಫಿಟ್ಸಿನ ಕಾಯಿಲೆಯ, ಒಂದು ಬಗೆಯಿರಬಹುದು, ಔಷಧಿಗೆ ಚೆನ್ನಾಗಿ ಬಗ್ಗುವಂಥದು. ಎಷ್ಟೋ ಸಲ ಮನೆಯವರಿಗಿಂತ ಮೊದಲು ಇದು ಕಣ್ಣಿಗೆ ಬೀಳುವುದು ಟೀಚರಿಗೆ. ಫಿಟ್ಸು ಯಾವ ಬಗೆಯದೇ ಆಗಲಿ, ಯಾವಾಗ ಬಂತು, ಎಷ್ಟು ಹೊತ್ತಿತ್ತು, ಕಣ್ಣು ಯಾವ ಕಡೆ ತಿರುಗಿತು, ಅದುರಿದ್ದರೆ ಯಾವ ಕೈ ಮೊದಲು ಎಂದು ನಾಲ್ಕು ಸಾಲು ಬರೆದುಕೊಡಿ. ಮನೆಯವರು ಮಂಗಳೂರಿಗೆ ಹೋಗಲಿ, ತಿರುವನಂತಪುರದ ಶ್ರೀಚಿತ್ರಾ ಆಸ್ಪತ್ರೆಗೆ ಹೋಗಲಿ, ಡಾಕ್ಟರು ಮೊದಲು ಕೇಳುವುದು ಅದನ್ನೇ.

ಹುಡುಗಿಯಾದರೆ ಮುಂದೆ ಮದುವೆಗೆ ತೊಡಕೆಂದು ಮನೆಯವರು ಮುಚ್ಚಿಡುವುದುಂಟು. ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರಕ್ಕಿದ್ದ ಅಡ್ಡಿಯನ್ನು 1999ರಲ್ಲೇ ತೆಗೆದಿದ್ದಾರೆಂದು ಅವರಿಗೆ ತಿಳಿಸಿ. ಸರಿಯಾದ ಔಷಧಿ ಸಿಕ್ಕರೆ ನೂರರಲ್ಲಿ 70 ಮಂದಿಯವರೆಗೆ ಫಿಟ್ಸಿಲ್ಲದೆ ಇರಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಅವಳನ್ನು ಆಟದಿಂದ ಹೊರಗಿಡಬೇಡಿ. ಕೆರೆಗೆ ಒಬ್ಬಳೇ ಇಳಿಯುವುದು, ಮರ ಹತ್ತುವುದು ಮಾತ್ರ ಬೇಡ. ಇನ್ನೊಮ್ಮೆ ಬಂದರೆ ಉಳಿದ ಮಕ್ಕಳನ್ನು ಕ್ಲಾಸಿಗೆ ಕಳುಹಿಸಿ. ಬಟ್ಟೆ ಒದ್ದೆಯಾಗಿದ್ದರೆ ಅವಳು ಕಣ್ಣು ಬಿಡುವ ಮೊದಲೇ ಒಂದು ಶಾಲು ಹೊದೆಸಿಡಿ.