ಹೀಟರ್ ವಾಲ್ವ್ ತೆಗೆದರೆ ಬಿಸಿನೀರು ಎಲ್ಲಿಗೆ ಹೋಗಬೇಕು?

ಇಪ್ಪತ್ತು ವರ್ಷ ಓಡಿದ ಕಾರಿನ ಬಾನೆಟ್ ಎತ್ತಿ ನೋಡಿ. ಎಂಜಿನ್ನಿನಿಂದ ಹೊರಟು ಡ್ಯಾಶ್‌ಬೋರ್ಡಿನ ಕಡೆಗೆ ಗೋಡೆ ತೂರಿ ಹೋಗುವ, ಹೆಬ್ಬೆರಳಿಗಿಂತ ತುಸು ದಪ್ಪದ ಎರಡು ರಬ್ಬರ್ ಹೋಸ್‌ಗಳು ಕಾಣುತ್ತವೆ. ಹಲವು ಗಾಡಿಗಳಲ್ಲಿ ಅವುಗಳ ನಡುವೆ ಅಂಗೈಯಲ್ಲಿ ಅಡಗುವಷ್ಟು ಸಣ್ಣ ಕಪ್ಪು ಪ್ಲಾಸ್ಟಿಕ್ ಭಾಗವೊಂದು ಸಿಕ್ಕಿಸಿಕೊಂಡಿರುತ್ತದೆ. ಗಾಡಿಯೊಳಗೆ ಬಿಸಿಗಾಳಿ ಕೊಡುವ ಹೀಟರಿಗೆ ಬಿಸಿನೀರು ಬಿಡುವ, ತಡೆಯುವ ಹೀಟರ್ ವಾಲ್ವ್ ಅದೇ. ಒಮ್ಮೆ ಹೋಸ್ ಬದಲಿಸಲೆಂದು ಕ್ಲಿಪ್ ಸಡಿಲಿಸಿ ತುಸು ಎಳೆದದ್ದೇ ತಡ, ಆ ವಾಲ್ವಿನ ಮೂತಿ ಒಣಕಡ್ಡಿಯ ಹಾಗೆ ಲಟಕ್ಕನೆ ಮುರಿದು ಹೋಸಿನೊಳಗೇ ಉಳಿಯಿತು. ಮುರಿದ ಅಂಚನ್ನು ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಹಿಂದಿನ ದಿನವಷ್ಟೇ ಅದೇ ಮೂತಿಯೊಳಗೆ 90 ಡಿಗ್ರಿ ಬಿಸಿಯ ಕೂಲಂಟ್, ಅಂದರೆ ಎಂಜಿನ್ ತಣಿಸುವ ನೀರಿನ ಮಿಶ್ರಣ, ಒತ್ತಡದಲ್ಲಿ ಹರಿದಿತ್ತು ಎಂದು ನೆನೆದಾಗ ಎದೆ ಝಲ್ಲೆಂದಿತು.

ಇಂಥ ವಾಲ್ವುಗಳ ಒಡಲು ಹೆಚ್ಚಾಗಿ ಗಾಜಿನ ಎಳೆ ಬೆರೆಸಿದ ನೈಲಾನ್. ನೈಲಾನ್ ಅಂದರೆ ಉದ್ದುದ್ದ ಸರಪಳಿಯಂಥ ಅಣುಗಳ ಹೆಣಿಗೆ. ವರ್ಷಗಟ್ಟಲೆ ಬಿಸಿನೀರು ತಾಗುತ್ತಿದ್ದರೆ ನೀರಿನ ಅಣುಗಳು ಆ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತಾ ಬರುತ್ತವೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಒಡೆದ ದಿನ ಮಾತ್ರ ಕೆಲವೇ ನಿಮಿಷಗಳಲ್ಲಿ ಕೂಲಂಟ್ ಪೂರ್ತಿ ಬರಿದಾಗಬಹುದು. ಆಗ ಬಿಸಿ ತೋರಿಸುವ ಮುಳ್ಳನ್ನೂ ನಂಬುವಂತಿಲ್ಲ. ಅದರ ಸೆನ್ಸರ್ ದ್ರವದಲ್ಲಿ ಮುಳುಗಿದ್ದಾಗಷ್ಟೇ ನಿಜ ಹೇಳುತ್ತದೆ. ಸುತ್ತ ಬರೀ ಗಾಳಿ ಉಳಿದರೆ ಲೋಹ ಕಾದು ಕೆಂಡವಾಗುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗಲು ಅಷ್ಟು ಹೊತ್ತು ಸಾಕು.

ಹಾಗಾದರೆ ಈ ವಾಲ್ವನ್ನೇ ತೆಗೆದುಬಿಟ್ಟರೆ? ತೆಗೆಯಬಹುದು. ಆದರೆ ಅದಕ್ಕೂ ಮೊದಲು ನಿಮ್ಮ ಗಾಡಿಯಲ್ಲಿ ಅದು ಏನು ಕೆಲಸ ಮಾಡುತ್ತಿತ್ತು ಎಂದು ತಿಳಿಯಬೇಕು.

ಇಂಧನ ಉರಿದು ಹುಟ್ಟುವ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಕೂಲಂಟಿಗೆ ಸೇರುತ್ತದೆ. ಆ ಬಿಸಿ ಕೂಲಂಟಿನ ಒಂದು ಕವಲು ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ, ಅಂದರೆ ಹೀಟರ್ ಕೋರಿಗೆ, ಹೋಗಿ ವಾಟರ್ ಪಂಪಿಗೆ ಮರಳುತ್ತದೆ. ಕೋರಿನ ಮೂಲಕ ಬೀಸಿದ ಗಾಳಿ ಬೆಚ್ಚಗಾಗಿ ಒಳಗೆ ಬರುತ್ತದೆ. ಎಷ್ಟು ಬೆಚ್ಚಗೆ ಎಂಬುದನ್ನು ನಿರ್ಧರಿಸಲು ಎರಡು ದಾರಿ. ನೀರನ್ನು ಹಿಡಿದು ಬಿಡುವುದು ಒಂದು. ಆ ಕೆಲಸ ವಾಲ್ವಿನದು. ನೀರು ಸದಾ ಹರಿಯಲಿ ಎಂದು ಬಿಟ್ಟು, ಗಾಳಿಯ ಎಷ್ಟು ಪಾಲು ಕೋರಿನ ಮೂಲಕ ಹಾಯಬೇಕೆಂದು ಒಂದು ಹಲಗೆಯನ್ನು ತಿರುಗಿಸುವುದು ಇನ್ನೊಂದು. ಈ ಹಲಗೆಯನ್ನು ಬ್ಲೆಂಡ್ ಡೋರ್ ಎನ್ನುತ್ತಾರೆ.

ಬ್ಲೆಂಡ್ ಡೋರ್ ಇದ್ದೂ ವಾಲ್ವನ್ನೂ ಇಟ್ಟಿರುವ ಗಾಡಿಗಳಿವೆ. ಅಲ್ಲಿ ವಾಲ್ವು ಮುಖ್ಯವಾಗಿ ಏಸಿ ಹಾಕಿದಾಗ ಕೋರ್ ತಣ್ಣಗಿರಲಿ ಎಂಬ ಸಹಾಯಕ್ಕೆ. ಅಂಥ ಗಾಡಿಯಲ್ಲಿ ವಾಲ್ವು ತೆಗೆದರೆ ನಷ್ಟ ಅಲ್ಪ: ಡೋರಿನ ಅಂಚಿನ ಸ್ಪಂಜು ಸವೆದಿದ್ದರೆ ಏಸಿಯ ತಂಪು ಒಂದಿಷ್ಟು ಕುಂದೀತು. ಬರೀ ವಾಲ್ವಿನಿಂದಲೇ ಬಿಸಿ ಹೊಂದಿಸುವ ಗಾಡಿಯಾದರೆ ಕಥೆಯೇ ಬೇರೆ. ವಾಲ್ವು ಹೋದರೆ ಸುಡುಬೇಸಿಗೆಯಲ್ಲೂ ಬಿಸಿಗಾಳಿಯೇ ಗತಿ. ಅಲ್ಲಿ ಹೊಸ ವಾಲ್ವು ಹಾಕುವುದೇ ಸರಿ. ಸಿಗುವುದಾದರೆ ಹಿತ್ತಾಳೆಯದು ಇನ್ನೂ ಒಳ್ಳೆಯದು.

ತೆಗೆಯುವುದೆಂದು ನಿರ್ಧರಿಸಿದವರು ಎಡವುವುದು ಸಾಮಾನ್ಯವಾಗಿ ಮುಂದಿನ ಹೆಜ್ಜೆಯಲ್ಲಿ. ವಾಲ್ವು ತೆಗೆದು ಎರಡೂ ಹೋಸ್‌ಗಳಿಗೆ ಬಿರಡೆ ಬಡಿದುಬಿಡುತ್ತಾರೆ. ಎಂಜಿನ್ ತಣ್ಣಗಿದ್ದಾಗ ಥರ್ಮೋಸ್ಟಾಟ್, ಅಂದರೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಬಾಗಿಲು, ಮುಚ್ಚಿರುತ್ತದೆ. ರೇಡಿಯೇಟರಿಗೆ ದಾರಿ ಇರುವುದಿಲ್ಲ. ಆ ಹೊತ್ತಿನಲ್ಲಿ ಪಂಪು ತಳ್ಳಿದ ನೀರು ಸುತ್ತಲು ಕೆಲವು ಎಂಜಿನ್‌ಗಳಲ್ಲಿ ಈ ಹೀಟರ್ ಕವಲೇ ಮುಖ್ಯ ದಾರಿ. ಥರ್ಮೋಸ್ಟಾಟಿನ ಒಳಗಿರುವ ಮೇಣ ಬಿಸಿನೀರು ತಾಗಿ ಕರಗಿ ಹಿಗ್ಗಿದರಷ್ಟೇ ಅದು ತೆರೆಯುತ್ತದೆ, ಸಾಮಾನ್ಯವಾಗಿ 80ರಿಂದ 90 ಡಿಗ್ರಿಯ ಆಸುಪಾಸಿನಲ್ಲಿ. ನೀರೇ ಸುತ್ತದಿದ್ದರೆ ಹೆಡ್ಡಿನ ಬಳಿ ಕುದಿಯತೊಡಗಿದರೂ ಮೇಣಕ್ಕೆ ಸುದ್ದಿ ಮುಟ್ಟುವುದು ತಡವಾಗುತ್ತದೆ. ಆದ್ದರಿಂದ ದಾರಿ ಮುಚ್ಚಬಾರದು, ಜೋಡಿಸಬೇಕು.

ಹೋಸಿನ ಒಳವ್ಯಾಸಕ್ಕೆ ಸರಿಯಾದ, ಸಾಮಾನ್ಯವಾಗಿ 16 ಅಥವಾ 19 ಮಿ.ಮೀ. ಅಳತೆಯ, ನೇರ ಜೋಡಣೆಯ ಲೋಹದ ತುಂಡು ಹಾಕಿ ಎರಡೂ ಬದಿಗೆ ಕ್ಲಿಪ್ ಬಿಗಿದರೆ ಮುಗಿಯಿತು. ನಾಲ್ಕು ಮೂತಿಯ ವಾಲ್ವಾದರೆ ಎಂಜಿನ್ ಬದಿಯ ಒಂದೊಂದು ಹೋಸನ್ನೂ ಕೋರಿನ ಬದಿಯ ಅದರದರ ಜೋಡಿಗೇ ಸೇರಿಸಬೇಕು. ಹಾಗಾಗಿ ಬಿಚ್ಚುವ ಮೊದಲೇ ಗುರುತು ಹಾಕಿಕೊಳ್ಳಿ. ಕೋರನ್ನೇ ಬಿಟ್ಟು ಎಂಜಿನ್ ಬದಿಯ ಎರಡು ಹೋಸ್‌ಗಳನ್ನು ಪರಸ್ಪರ ಜೋಡಿಸಿದರೂ ನೀರು ಸುತ್ತುತ್ತದೆ, ಆದರೆ ಕೋರ್ ಸೋರುತ್ತಿಲ್ಲವಾದರೆ ನಾನು ಅದನ್ನು ಒಪ್ಪುವುದಿಲ್ಲ. ಹೀಟರ್ ಬರೀ ಚಳಿಗಲ್ಲ. 10 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 9 ಗ್ರಾಂ ನೀರಾವಿ ಹಿಡಿದುಕೊಂಡರೆ, 30 ಡಿಗ್ರಿಯ ಗಾಳಿ 30 ಗ್ರಾಂ ಹಿಡಿಯುತ್ತದೆ. ಮಂಜು ಕವಿದ ಮುಂದಿನ ಗಾಜು ಬಿಸಿಗಾಳಿಗೆ ತಿಳಿಯಾಗುವುದು ಇದರಿಂದಲೇ.

ವ್ಯಾಕ್ಯೂಮಿನಿಂದ, ಅಂದರೆ ಎಂಜಿನ್ ಗಾಳಿ ಹೀರುವ ಸೆಳೆತದಿಂದ, ನಡೆಯುವ ವಾಲ್ವಾಗಿದ್ದರೆ ಅದಕ್ಕೆ ಬರುತ್ತಿದ್ದ ಸಪೂರ ಪೈಪಿನ ತುದಿಗೆ ಟೋಪಿ ಹಾಕಲು ಮರೆಯಬೇಡಿ. ತೆರೆದಿಟ್ಟರೆ ಎಂಜಿನ್ ಅಲ್ಲಿಂದ ಗಾಳಿ ಎಳೆದು ಐಡಲಿಂಗಿನಲ್ಲಿ, ಅಂದರೆ ಗಾಡಿ ನಿಂತಲ್ಲೇ ಓಡುವಾಗ, ನಡುಗೀತು.

ಕೋರಿನ ಮೂತಿಗೆ ಅಂಟಿಕೊಂಡ ಹೋಸನ್ನು ತಿರುಚಿ ಕೀಳಬೇಡಿ. ಆ ಕೊಳವೆ ತೀರಾ ತೆಳು, ಬೆಸುಗೆಯಲ್ಲಿ ಬಿಟ್ಟುಕೊಂಡರೆ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾದೀತು. ಹೋಸನ್ನು ಉದ್ದಕ್ಕೆ ಸೀಳಿ ಸಿಪ್ಪೆಯಂತೆ ಬಿಡಿಸಿ. ಹೋಸ್ ಅಗ್ಗ, ಕೋರ್ ಅಲ್ಲ.

ಇದೆಲ್ಲ ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ. ರೇಡಿಯೇಟರ್ ಮುಚ್ಚಳ ಹೊರಗಿನ ವಾತಾವರಣಕ್ಕಿಂತ ಸುಮಾರು 1 ಬಾರ್ ಹೆಚ್ಚಿನ ಒತ್ತಡ ಹಿಡಿದಿಟ್ಟಿರುತ್ತದೆ. ಆ ಒತ್ತಡದಲ್ಲಿ ಬರೀ ನೀರೂ 120 ಡಿಗ್ರಿಯವರೆಗೆ ಕುದಿಯದು. 115 ಡಿಗ್ರಿಯ 10 ಲೀಟರ್ ನೀರಿರುವಾಗ ಮುಚ್ಚಳ ತೆಗೆದರೆ ಅದರಲ್ಲಿ ಸುಮಾರು 280 ಗ್ರಾಂ ಕ್ಷಣದಲ್ಲೇ ಹಬೆಯಾಗುತ್ತದೆ. ಅಷ್ಟು ಹಬೆಗೆ ಬೇಕಾದ ಜಾಗ 450 ಲೀಟರಿಗೂ ಹೆಚ್ಚು. ಅದು ನುಗ್ಗಿ ಬರುವುದು ನಿಮ್ಮ ಮುಖದ ಕಡೆಗೆ. ಇಳಿಸಿದ ಕೂಲಂಟನ್ನು ಪಾತ್ರೆಯಲ್ಲಿ ಹಿಡಿದು ಮುಚ್ಚಿಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ. ನೆಕ್ಕಿದ ನಾಯಿ ಬೆಕ್ಕುಗಳ ಮೂತ್ರಪಿಂಡ ಕೆಡುತ್ತದೆ, ಸಾಯುವುದೂ ಉಂಟು.

ಮತ್ತೆ ತುಂಬಿಸುವಾಗ ಗಾಳಿ ಸಿಕ್ಕಿಬೀಳದಂತೆ ನಿಧಾನವಾಗಿ ತುಂಬಿಸಿ. ಎಂಜಿನ್ ಬಿಸಿಯಾದ ಮೇಲೆ ಬೆಲ್ಟು ಮತ್ತು ಫ್ಯಾನಿನಿಂದ ಕೈ ದೂರವಿಟ್ಟು ಎರಡೂ ಹೋಸ್‌ಗಳನ್ನು ಲಘುವಾಗಿ ಮುಟ್ಟಿ ನೋಡಿ. ಎರಡೂ ಬಿಸಿಯಿದ್ದರೆ ನೀರು ಸುತ್ತುತ್ತಿದೆ. ಒಂದು ಬಿಸಿ, ಇನ್ನೊಂದು ತಣ್ಣಗೆ ಎಂದಾದರೆ ಕೋರಿನಲ್ಲಿ ಗಾಳಿ ನಿಂತಿದೆ, ಇಲ್ಲವೇ ಹೂಳು ಕಟ್ಟಿದೆ. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಕೇಳಿದರೂ ಗಾಳಿಯೇ. ಮರುದಿನ ಬೆಳಿಗ್ಗೆ, ಎಂಜಿನ್ ಚಾಲೂ ಮಾಡುವ ಮೊದಲು, ಕೂಲಂಟ್ ಎಷ್ಟಿದೆ ನೋಡಿ. ಹೊಸ ಜೋಡಣೆಯ ಕೆಳಗೆ ಒಣಬಟ್ಟೆಯಿಂದ ಒಮ್ಮೆ ಒರೆಸಿ, ಬಟ್ಟೆಗೆ ಬಣ್ಣ ಹತ್ತಿದರೆ ಕ್ಲಿಪ್ಪನ್ನು ಇನ್ನು ಅರ್ಧ ಸುತ್ತು ಬಿಗಿ ಮಾಡಿ.