ಎಸ್ಕಾಂ ಖಾಸಗಿಯಾದರೆ ಕರೆಂಟ್ ಬಿಲ್ ಏರುತ್ತದೆಯೇ?

ಪ್ರಶ್ನೆ: ಬೆಸ್ಕಾಂ, ಹೆಸ್ಕಾಂನಂಥ ಕಂಪನಿಗಳನ್ನು ಖಾಸಗಿಯವರಿಗೆ ಕೊಟ್ಟರೆ ಸೇವೆ ಸುಧಾರಿಸುತ್ತದೆ ಎಂದು ಕೆಲವರು, ಬಿಲ್ ಕಟ್ಟಲಾಗದಷ್ಟು ಏರುತ್ತದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಯಾವುದು ನಿಜ?

ಉತ್ತರ: ಮಾಲೀಕ ಬದಲಾದ ಮಾರನೆಯ ದಿನವೇ ದರ ಏರುವುದಿಲ್ಲ. ಕಂಪನಿ ಯಾರದೇ ಆಗಿರಲಿ, 2003ರ ವಿದ್ಯುತ್ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ದರ ನಿಗದಿ ಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ನಮ್ಮಲ್ಲಿ ಕೆಇಆರ್‌ಸಿ. ಬಿಲ್ ಏರುವುದೂ ಇಳಿಯುವುದೂ ಮುಂದಿನ ಐದಾರು ವರ್ಷಗಳಲ್ಲಿ ನಡೆಯುವ ಮಾತು. ಅದು ಹಸ್ತಾಂತರದ ಕರಾರಿನಲ್ಲಿ ಏನು ಬರೆದಿದೆ ಎಂಬುದರ ಮೇಲೆ ನಿಂತಿರುತ್ತದೆ.

ವಿದ್ಯುತ್ ಹಂಚುವ ಕಂಪನಿಯ ಖರ್ಚಿನಲ್ಲಿ ಸುಮಾರು ಮುಕ್ಕಾಲು ಪಾಲು ಕರೆಂಟ್ ಖರೀದಿಗೇ ಹೋಗುತ್ತದೆ. ಅದರಲ್ಲಿ ಬಹುಪಾಲು ದೀರ್ಘಾವಧಿ ಒಪ್ಪಂದಗಳದ್ದು, ಹೊಸ ಮಾಲೀಕ ಬಂದರೂ ಅವು ಮುಂದುವರಿಯುತ್ತವೆ. ಹಾಗಾಗಿ ಖಾಸಗಿ ಕಂಪನಿ ನಿಜವಾಗಿ ಕೈಹಾಕಬಹುದಾದದ್ದು ಸೋರಿಕೆಗೆ. ತಂತಿ, ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಕಳೆದುಹೋಗುವುದು, ಕೊಕ್ಕೆ ಹಾಕಿ ಕದಿಯುವುದು, ಕೆಟ್ಟ ಮೀಟರ್, ಬಿಲ್ ಕೊಟ್ಟರೂ ವಸೂಲಾಗದ ಬಾಕಿ, ಇವೆಲ್ಲ ಸೋರಿಕೆಯ ಲೆಕ್ಕಕ್ಕೇ ಸೇರುತ್ತವೆ.

ಒಂದು ಉದಾಹರಣೆ ನೋಡಿ. ಯೂನಿಟ್‌ಗೆ ₹5ರಂತೆ 100 ಯೂನಿಟ್ ಖರೀದಿಸಿದರೆ ₹500. ಅದರಲ್ಲಿ 85 ಯೂನಿಟ್‌ಗೆ ಮಾತ್ರ ಬಿಲ್ ಆಗಿ, ಬಿಲ್ ಮೊತ್ತದ ಶೇ 90ರಷ್ಟು ವಸೂಲಾದರೆ, ಹಣ ಬಂದದ್ದು 76.5 ಯೂನಿಟ್‌ಗೆ. ಸೋರಿಕೆ ಶೇ 23.5. ಖರೀದಿ ಖರ್ಚನ್ನಷ್ಟೇ ಹಿಂಪಡೆಯಲು ಯೂನಿಟ್‌ಗೆ ₹6.54 ಬೇಕು. ಸೋರಿಕೆಯನ್ನು ಶೇ 10ಕ್ಕೆ ಇಳಿಸಿದರೆ ₹5.56 ಸಾಕು. ಈ 98 ಪೈಸೆ ಯಾರ ಜೇಬಿಗೆ ಹೋಗಬೇಕು, ಗ್ರಾಹಕರಿಗೆಷ್ಟು, ಕಂಪನಿಗೆಷ್ಟು? ಖಾಸಗೀಕರಣದ ಚರ್ಚೆಯ ತಿರುಳೇ ಇದು.

ದೆಹಲಿಯಲ್ಲಿ ಇದು ಫಲ ಕೊಟ್ಟಿತು. 2002ರ ಜುಲೈ 1ರಂದು ದೆಹಲಿ ವಿದ್ಯುತ್ ಮಂಡಳಿಯನ್ನು ಒಡೆದು ಮೂರು ಹಂಚಿಕೆ ಕಂಪನಿಗಳಲ್ಲಿ ಶೇ 51ರಷ್ಟು ಪಾಲನ್ನು ಖಾಸಗಿಯವರಿಗೆ ಕೊಟ್ಟರು. ಬಿಡ್ ನಡೆದದ್ದು ಯಾರು ಹೆಚ್ಚು ಬೆಲೆ ಕೊಡುತ್ತಾರೆ ಎಂದಲ್ಲ, ಐದು ವರ್ಷಗಳಲ್ಲಿ ಯಾರು ಎಷ್ಟು ಸೋರಿಕೆ ಇಳಿಸುತ್ತಾರೆ ಎಂಬುದರ ಮೇಲೆ. ಆಗ ಅರ್ಧದಷ್ಟಿದ್ದ ಸೋರಿಕೆ ಈಗ ಶೇ 10ಕ್ಕಿಂತ ಕೆಳಗಿದೆ. ಆದರೆ ಸರ್ಕಾರ ಹಳೆಯ ಸಾಲದ ಹೊರೆಯನ್ನು ತನ್ನದೇ ಬೇರೊಂದು ಕಂಪನಿಗೆ ವರ್ಗಾಯಿಸಿತು, ಮೊದಲ ಐದು ವರ್ಷ ದಾಟಿಸಲು ₹3,450 ಕೋಟಿ ನೆರವನ್ನೂ ಕೊಟ್ಟಿತು. ದೆಹಲಿಯನ್ನು ಮಾದರಿ ಎಂದು ತೋರಿಸುವವರು ಈ ಭಾಗವನ್ನು ಬಿಟ್ಟು ಹೇಳುವುದೇ ಹೆಚ್ಚು.

ಒಡಿಶಾದಲ್ಲಿ ಆ ನೆರವು ಇರಲಿಲ್ಲ. 1999ರಲ್ಲಿ ಅಲ್ಲಿನ ನಾಲ್ಕು ಹಂಚಿಕೆ ಕಂಪನಿಗಳು ಖಾಸಗಿಯಾದವು. ಕಾಗದದ ಮೇಲಿದ್ದ ಸೋರಿಕೆ ನಿಜವಾದದ್ದಕ್ಕಿಂತ ಕಡಿಮೆ, ಮೀಟರ್‌ಗಳು ನೆಟ್ಟಗಿರಲಿಲ್ಲ, ಸಬ್ಸಿಡಿ ನಿಂತಿತ್ತು. ಅದೇ ಅಕ್ಟೋಬರ್‌ನಲ್ಲಿ ಬಂದ ಮಹಾ ಚಂಡಮಾರುತ ಕಂಬ-ತಂತಿಗಳನ್ನೇ ಕೊಚ್ಚಿಕೊಂಡು ಹೋಯಿತು. ನಾಲ್ಕರಲ್ಲಿ ಒಂದನ್ನು ವಹಿಸಿಕೊಂಡಿದ್ದ ಅಮೆರಿಕದ ಎಇಎಸ್ ಕಂಪನಿ 2001ರಲ್ಲಿ ಕೈಬಿಟ್ಟು ಹೊರಟಿತು. ಉಳಿದ ಮೂರರ ಪರವಾನಗಿಯನ್ನು ಆಯೋಗವೇ 2015ರಲ್ಲಿ ರದ್ದು ಮಾಡಿತು. 2020-21ರಲ್ಲಿ ಟಾಟಾ ಪವರ್ ಬಂದದ್ದು ಹೊಸ ಕರಾರಿನೊಂದಿಗೆ. ನಡುವಿನ ಎರಡು ದಶಕಗಳ ನಷ್ಟ ತಿಂದವರು ಒಡಿಶಾದ ಜನ.

ಈ ತಪ್ಪು ನಮ್ಮಲ್ಲೂ ಮರುಕಳಿಸಬಹುದು ಎಂಬುದೇ ನಮ್ಮ ದೊಡ್ಡ ಆತಂಕ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಕರೆಂಟ್ ಉಚಿತ. ಮೀಟರ್ ಇಲ್ಲದ ಪಂಪ್‌ಸೆಟ್‌ಗಳ ಬಳಕೆ ಅಂದಾಜಿನಲ್ಲೇ ಲೆಕ್ಕಕ್ಕೆ ಬರುತ್ತದೆ. ಕಳ್ಳತನವೂ ಹಳೆಯ ತಂತಿಯ ನಷ್ಟವೂ ಆ ಅಂದಾಜಿನೊಳಗೆ ಅಡಗಿ ಕೂರಬಹುದು. ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ಮುಖ್ಯ ಲೈನ್) ಮತ್ತು ಟ್ರಾನ್ಸ್‌ಫಾರ್ಮರ್ ಮಟ್ಟದಲ್ಲಿ ಅಳೆಯದೆ ಕಂಪನಿಯನ್ನು ಒಪ್ಪಿಸಿದರೆ, ಎರಡು ವರ್ಷಕ್ಕೆಲ್ಲ ‘ನೀವು ಹೇಳಿದ್ದಕ್ಕಿಂತ ಸೋರಿಕೆ ಹೆಚ್ಚಿದೆ, ದರ ಏರಿಸಿ’ ಎಂಬ ಅರ್ಜಿ ಆಯೋಗದ ಮುಂದೆ ಇರುತ್ತದೆ.

ಸಬ್ಸಿಡಿ ವಿಷಯವೂ ಹೀಗೆಯೇ. ಗೃಹಜ್ಯೋತಿಯಾಗಲಿ, ಪಂಪ್‌ಸೆಟ್ ಆಗಲಿ, ಖಾಸಗಿಯಾದ ಮಾತ್ರಕ್ಕೆ ರದ್ದಾಗುವುದಿಲ್ಲ. ಆದರೆ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಸರ್ಕಾರ ಆ ಹಣವನ್ನು ಮುಂಗಡವಾಗಿ ಕಟ್ಟಬೇಕು. ಸರ್ಕಾರಿ ಎಸ್ಕಾಂ ಬಾಕಿ ಸಹಿಸಿಕೊಂಡು ಸಾಲ ಮಾಡುತ್ತದೆ. ಖಾಸಗಿ ಕಂಪನಿ ಅಷ್ಟು ದಿನ ಕಾಯುವುದಿಲ್ಲ.

ದೆಹಲಿಯ ಬಿಲ್‌ನಲ್ಲೇ ಇನ್ನೊಂದು ಪಾಠವಿದೆ. ದರ ಏರಿಸಿದರೆ ಜನ ಸಿಟ್ಟಾಗುತ್ತಾರೆಂದು ಅಲ್ಲಿ ವರ್ಷಗಟ್ಟಲೆ ದರ ಪರಿಷ್ಕರಣೆ ಮುಂದೂಡಿದರು. ಕಂಪನಿಗಳಿಗೆ ಹೀಗೆ ಬರಬೇಕಾದ ಹಣ ಬಡ್ಡಿ ಸೇರಿ ₹27,000 ಕೋಟಿ ದಾಟಿತು. ಇಂಥ ಬಾಕಿಗಳನ್ನು ಕಾಲಮಿತಿಯಲ್ಲಿ ತೀರಿಸಬೇಕೆಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳೆಯ ನೌಕರರ ಪಿಂಚಣಿಗೂ ಅಲ್ಲಿ ಸರ್ಚಾರ್ಜ್ ಇದೆ. ಸರ್ಕಾರಿ ಎಸ್ಕಾಂಗಳೇ ಇರುವ ಕರ್ನಾಟಕದಲ್ಲೂ 2025ರ ಏಪ್ರಿಲ್‌ನಿಂದ ಪಿಂಚಣಿ-ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆ ಸೇರಿತು. ಮಾಲೀಕ ಬದಲಾದರೂ ಕೆಲವು ಹೊರೆಗಳು ಗ್ರಾಹಕರ ಹೆಗಲಿನಿಂದ ಇಳಿಯುವುದಿಲ್ಲ.

ಖಾಸಗೀಕರಣದ ನಿಸ್ಸಂದೇಹವಾದ ಕೆಡುಕು ಒಂದಿದೆ: ಲೆಕ್ಕ ಕೇಳುವುದು ಕಷ್ಟವಾಗುತ್ತದೆ. ಸರ್ಕಾರಿ ಕಂಪನಿಯ ಪುಸ್ತಕ ಸಿಎಜಿ (ಸರ್ಕಾರಿ ಲೆಕ್ಕಪತ್ರಗಳನ್ನು ಪರಿಶೋಧಿಸುವ ಸಂಸ್ಥೆ) ಮುಂದೆ ತೆರೆದಿರುತ್ತದೆ. ದೆಹಲಿ ಸರ್ಕಾರ 2014ರಲ್ಲಿ ಹಂಚಿಕೆ ಕಂಪನಿಗಳ ಸಿಎಜಿ ತನಿಖೆಗೆ ಆದೇಶಿಸಿದಾಗ, ಮರುವರ್ಷ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆ ಸರ್ಕಾರಕ್ಕೆ ಅವುಗಳಲ್ಲಿ ಶೇ 49ರಷ್ಟು ಪಾಲಿತ್ತು ಎಂಬುದನ್ನು ಗಮನಿಸಿ.

ಪೂರ್ತಿ ಮಾರದೆ ಒಂದು ಊರಿನ ಹಂಚಿಕೆಯನ್ನಷ್ಟೇ ಗುತ್ತಿಗೆ ಕೊಡುವ ಫ್ರಾಂಚೈಸಿ ದಾರಿಯೂ ಇದೆ. ಮಹಾರಾಷ್ಟ್ರದ ಭಿವಂಡಿಯಲ್ಲಿ 2007ರಿಂದ ಅದು ನಡೆಯುತ್ತಿದೆ. ನಾಗಪುರದಲ್ಲಿ 2011ರಲ್ಲಿ ವಹಿಸಿಕೊಂಡ ಕಂಪನಿ 2019ರಲ್ಲಿ ವಾಪಸ್ ಒಪ್ಪಿಸಿತು. ಮೂಲ ಪರವಾನಗಿ ಸರ್ಕಾರಿ ಕಂಪನಿಯ ಬಳಿಯೇ ಉಳಿದಿದ್ದರಿಂದ ಹಿಂಪಡೆಯಲು ಆಯಿತು. ನಮ್ಮ ಹುಕ್ಕೇರಿಯಲ್ಲಂತೂ 1969ರಿಂದ ಸಹಕಾರ ಸಂಘವೇ ವಿದ್ಯುತ್ ಹಂಚುತ್ತಿದೆ.

ನಾಳೆ ನಿಮ್ಮ ಎಸ್ಕಾಂ ಬಗ್ಗೆ ಇಂಥ ಪ್ರಸ್ತಾವ ಬಂದರೆ, ಸೋರಿಕೆಯ ಮೂಲ ಅಂಕಿಯನ್ನು ಯಾರು ಅಳೆದರು, ಇಳಿಕೆಯಿಂದ ಉಳಿಯುವ ಹಣದಲ್ಲಿ ಗ್ರಾಹಕರ ಪಾಲೆಷ್ಟು, ಕಂಪನಿ ಮಧ್ಯದಲ್ಲಿ ಬಿಟ್ಟು ಹೋದರೆ ಕರೆಂಟ್ ಕೊಡುವವರು ಯಾರು, ಲೆಕ್ಕಪತ್ರ ಸಿಎಜಿಗೆ ತೆರೆದಿರುತ್ತದೆಯೇ ಎಂದು ಬರಹದಲ್ಲಿ ಕೇಳಿ. ಕೇಳಲು ಜಾಗವೂ ಇದೆ. ದರ ಅರ್ಜಿ ಬಂದಾಗ ಆಯೋಗ ಸಾರ್ವಜನಿಕರ ಆಕ್ಷೇಪಣೆ ಕರೆದು ಬಹಿರಂಗ ವಿಚಾರಣೆ ನಡೆಸುತ್ತದೆ, ಅರ್ಜಿ ಸ್ವೀಕರಿಸಿದ 120 ದಿನಗಳೊಳಗೆ ಆದೇಶ ಹೊರಡಿಸಬೇಕು. ಸಹಿ ಹಾಕಿದ ಪ್ರತಿಯನ್ನು ಗಡುವಿನೊಳಗೆ ಆಯೋಗಕ್ಕೂ ಕಂಪನಿಗೂ ಕಳಿಸಿ. ನೀವು ಎತ್ತಿದ ಆಕ್ಷೇಪಣೆಗೆ ಕಂಪನಿ ಏನು ಹೇಳಿತು, ಆಯೋಗ ಏನು ಹೇಳಿತು ಎಂಬುದು ದರ ಆದೇಶದಲ್ಲೇ ಮುದ್ರಣವಾಗುತ್ತದೆ.