ಹಳದಿ ವೈರು, ಕೆಂಪು ವೈರು

ಹೊಸ ಸ್ಟೀರಿಯೊ ಹಾಕಿಸಿದ ಮರುದಿನ ಬೆಳಿಗ್ಗೆ ಅದರ ಗಡಿಯಾರ 12:00 ತೋರಿಸುತ್ತಿತ್ತು. ಸರಿ ಮಾಡಿದೆ. ಸಂಜೆ ಆಫೀಸಿನಿಂದ ಹೊರಟಾಗ ಮತ್ತೆ 12:00. ನಾನು ಹೊಂದಿಸಿಟ್ಟಿದ್ದ ರೇಡಿಯೊ ಸ್ಟೇಷನ್‌ಗಳೂ ಹೋಗಿದ್ದವು. ಪ್ರತಿ ಸಲ ಕೀ ತೆಗೆದಾಗಲೂ ಅದಕ್ಕೆ ಎಲ್ಲವೂ ಮರೆತುಹೋಗುತ್ತಿತ್ತು.

ಅಂಗಡಿಗೆ ವಾಪಸ್ ಹೋದೆ. ಅಲ್ಲಿನ ಹುಡುಗ ಡ್ಯಾಶ್‌ಬೋರ್ಡ್ ಬಿಚ್ಚಿ, ಹತ್ತು ನಿಮಿಷ ಏನೋ ಮಾಡಿ, ಕರಿ ಟೇಪ್ ಸುತ್ತಿದ. "ಆಯ್ತು ಸರ್, ಇನ್ಮೇಲೆ ಇಳಿಯೋವಾಗ ಪವರ್ ಬಟನ್ ಒತ್ತಿಬಿಡಿ, ಸಾಕು" ಅಂದ. ಆ ಮಾತಿನಲ್ಲೇ ಸುಳಿವಿತ್ತು. ನನಗೆ ಆಗ ಹೊಳೆಯಲಿಲ್ಲ. ಎರಡು ವಾರದ ನಂತರ ಊರಿಗೆ ಹೋಗಿ ಕಾರನ್ನು ನಾಲ್ಕು ದಿನ ಮನೆ ಮುಂದೆ ನಿಲ್ಲಿಸಿದ್ದೆ. ಐದನೇ ದಿನ ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು. ಬ್ಯಾಟರಿ ಖಾಲಿ.

ಎರಡೂ ತೊಂದರೆಗಳಿಗೆ ಕಾರಣ ಎರಡೇ ವೈರುಗಳು. ಹೊರಗಿನಿಂದ ಕೊಳ್ಳುವ ಸ್ಟೀರಿಯೊಗಳಲ್ಲಿ ವೈರಿನ ಬಣ್ಣಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಹಳದಿ ವೈರಿಗೆ ಹಗಲೂ ರಾತ್ರಿ ಬ್ಯಾಟರಿಯ 12 ವೋಲ್ಟ್ ಸಿಗುತ್ತಿರಬೇಕು. ಗಡಿಯಾರ ಓಡುವುದು, ಸ್ಟೇಷನ್‌ಗಳು ನೆನಪಿನಲ್ಲಿ ಉಳಿಯುವುದು ಇದರಿಂದಲೇ. ಹಾಡು ನುಡಿಸುವಾಗ ಬೇಕಾಗುವ ದೊಡ್ಡ ಕರೆಂಟ್ ಬರುವುದೂ ಇದರಲ್ಲೇ. ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರಬೇಕು. ಅದು ಬರೀ ಕರೆಗಂಟೆ ಇದ್ದ ಹಾಗೆ. "ಯಜಮಾನ ಬಂದ, ಏಳು" ಎಂದು ಸ್ಟೀರಿಯೊಗೆ ಹೇಳುವುದು ಅದರ ಕೆಲಸ.

ಆದರೆ ಇದು ಸ್ಟೀರಿಯೊ ಕಡೆಯ ಲೆಕ್ಕ. ಕಾರಿನ ಕಡೆಯಿಂದ ಬರುವ ವೈರುಗಳಿಗೆ ಆಯಾ ಕಂಪನಿ ತನಗೆ ಬೇಕಾದ ಬಣ್ಣ ಕೊಟ್ಟಿರುತ್ತದೆ. ಅಂಗಡಿಯ ಹುಡುಗ ಕಾರಿನ ಕಪ್ಲರ್ (ವೈರುಗಳ ತುದಿಯಲ್ಲಿ ಚುಚ್ಚಿ ಸೇರಿಸುವ ಪ್ಲಾಸ್ಟಿಕ್ ಪ್ಲಗ್) ಕತ್ತರಿಸಿ, ಬಣ್ಣಕ್ಕೆ ಬಣ್ಣ ನೋಡಿ ಸೇರಿಸಿದ್ದ. ನನ್ನ ಕಾರಿನಲ್ಲಿ ಅದು ಉಲ್ಟಾ ಇತ್ತು. ಕೀ ತೆಗೆದ ಕೂಡಲೇ ಹಳದಿಗೆ ಕರೆಂಟ್ ನಿಂತು ಸ್ಟೀರಿಯೊ ಎಲ್ಲ ಮರೆಯುತ್ತಿತ್ತು. ಎರಡನೇ ಸಲ ಅವನು ಹಳದಿ, ಕೆಂಪು ಎರಡನ್ನೂ ಒಟ್ಟಿಗೆ ತಿರುಚಿ ನೇರ ಬ್ಯಾಟರಿ ಲೈನಿಗೆ ಕಟ್ಟಿದ. ಮರೆವು ನಿಂತಿತು. ಜೊತೆಗೆ ಸ್ಟೀರಿಯೊದ ನಿದ್ದೆಯೂ ನಿಂತಿತು. ಬಟನ್ ಒತ್ತಿದರೆ ಪರದೆ ಕಪ್ಪಾಗುತ್ತಿತ್ತು, ಅಷ್ಟೆ. ಕರೆಗಂಟೆ ಬಾರಿಸುತ್ತಲೇ ಇದ್ದದ್ದರಿಂದ ಒಳಗಿನ ಕಂಪ್ಯೂಟರ್ ರಾತ್ರಿಯಿಡೀ ಎದ್ದೇ ಇರುತ್ತಿತ್ತು.

ಊರಿನ ಆಟೋ ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ತಂದರು. ಬ್ಯಾಟರಿ ಚಾರ್ಜ್ ಆದ ಮೇಲೆ ಅದರ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಟರ್ಮಿನಲ್‌ಗೂ ವೈರಿಗೂ ನಡುವೆ ಮೀಟರ್ ಸೇರಿಸಿ, ಬಾಗಿಲು ಹಾಕಿ ಕಾದರು. "ಗಾಡಿ ನಿಂತಿದ್ರೂ ಏನೋ ಕರೆಂಟ್ ತಿಂತಾ ಇದೆ ಸರ್" ಅಂದರು. ಮೀಟರ್ 300 ಮಿಲಿ ಆಂಪಿಯರ್ ತೋರಿಸುತ್ತಿತ್ತು. ನಿಂತ ಕಾರಿಗೆ 50 ಮಿಲಿ ಆಂಪಿಯರ್ ಒಳಗಿದ್ದರೆ ಪರವಾಗಿಲ್ಲ. 300 ಎಂದರೆ, ಆಂಪಿಯರನ್ನು ಗಂಟೆಗಳಿಂದ ಗುಣಿಸಿದರೆ, ದಿನಕ್ಕೆ 7.2 ಆಂಪಿಯರ್ ಅವರ್. ನಾಲ್ಕು ದಿನಕ್ಕೆ ಸುಮಾರು 29. ನನ್ನ ಬ್ಯಾಟರಿ ಇರುವುದೇ 35 ಆಂಪಿಯರ್ ಅವರ್. ಎಂಜಿನ್ ತಿರುಗಿಸಲು ಉಳಿಯುವುದಾದರೂ ಏನು?

ಹಿಂದೆ ಇಷ್ಟೊಂದು ಗೊಂದಲ ಇರಲಿಲ್ಲ. 80ರ ದಶಕದ ಬಹಳಷ್ಟು ಮಾರುತಿ 800ಗಳು ಸ್ಟೀರಿಯೊ ಇಲ್ಲದೆಯೇ ಷೋರೂಮಿನಿಂದ ಹೊರಬರುತ್ತಿದ್ದವು. ಬೆಂಗಳೂರಿನವರು ಜೆ.ಸಿ. ರಸ್ತೆಗೆ ಹೋಗಿ ಒಂದು ಕ್ಯಾಸೆಟ್ ಪ್ಲೇಯರ್, ಹಿಂದಕ್ಕೆರಡು ಸ್ಪೀಕರ್ ಹಾಕಿಸಿಕೊಂಡು ಬರುತ್ತಿದ್ದರು. ಯಾವ ಕಾರಿಗೆ ಯಾವ ಸ್ಟೀರಿಯೊ ಬೇಕಾದರೂ ಕೂರುತ್ತಿತ್ತು. ಜರ್ಮನಿಯ ಡಿನ್ ಮಾನಕದ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ಕಿಂಡಿಯನ್ನು ಹೆಚ್ಚಿನ ಕಾರು ಕಂಪನಿಗಳು ಒಪ್ಪಿಕೊಂಡಿದ್ದವು. ಎತ್ತರ ಎರಡರಷ್ಟಾದರೆ ಡಬಲ್ ಡಿನ್. ಈಗಲೂ ಅಂಗಡಿಯಲ್ಲಿ ಕೇಳುವ ಮಾತು ಇದೇ.

ಈಗ ಕಂಪನಿ ಫಿಟೆಡ್ ಸ್ಟೀರಿಯೊ ಬರೀ ಹಾಡುವ ಪೆಟ್ಟಿಗೆಯಲ್ಲ. ಅನೇಕ ಕಾರುಗಳಲ್ಲಿ ರಿವರ್ಸ್ ಕ್ಯಾಮೆರಾ ಅದರ ಮೂಲಕ ಕಾಣುತ್ತದೆ. ಕೆಲವದರಲ್ಲಿ ಪಾರ್ಕಿಂಗ್ ಸೆನ್ಸರಿನ ಬೀಪ್ ಕೂಡ ಅದರ ಸ್ಪೀಕರಿನಿಂದಲೇ ಬರುತ್ತದೆ. ಸ್ಟೀರಿಂಗ್ ಮೇಲಿನ ಬಟನ್‌ಗಳ ವಿಷಯ ನನಗೆ ಬಹಳ ಇಷ್ಟ. ಎಷ್ಟೋ ಕಾರುಗಳಲ್ಲಿ ಆ ಐದಾರು ಬಟನ್‌ಗಳಿಗೂ ಸೇರಿ ಇರುವುದು ಒಂದೆರಡೇ ವೈರು. ಒಂದೊಂದು ಬಟನ್‌ಗೂ ಬೇರೆ ಬೇರೆ ಓಮ್‌ನ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಪುಟ್ಟ ಭಾಗ; ಓಮ್ ಆ ತಡೆಯ ಅಳತೆ) ಇಟ್ಟಿರುತ್ತಾರೆ. ಒತ್ತಿದಾಗ ವೈರಿನ ವೋಲ್ಟೇಜ್ ಒಂದೊಂದು ಮಟ್ಟಕ್ಕೆ ಇಳಿಯುತ್ತದೆ. ಆ ಮಟ್ಟ ನೋಡಿ ಸ್ಟೀರಿಯೊ ಯಾವ ಬಟನ್ ಎಂದು ತಿಳಿಯುತ್ತದೆ. ಹೊಸ ಸ್ಟೀರಿಯೊಗೆ ಇದನ್ನು ಮಗುವಿಗೆ ಅಕ್ಷರ ಕಲಿಸಿದ ಹಾಗೆ ಒಂದೊಂದೇ ಬಟನ್ ಒತ್ತಿ ಕಲಿಸಬೇಕು.

ಇನ್ನು ಕೆಲವು ಕಾರುಗಳಲ್ಲಿ ಸ್ಟೀರಿಯೊಗೆ ಕೆಂಪು ವೈರಿನ ಕೆಲಸ ಮಾಡುವ ವೈರೇ ಇರುವುದಿಲ್ಲ. ಕೀ ತಿರುಗಿದ ಸುದ್ದಿ ಕ್ಯಾನ್ ಬಸ್ ಎಂಬ ಜಾಲದಲ್ಲಿ ಸಂದೇಶವಾಗಿ ಬರುತ್ತದೆ. ಜರ್ಮನಿಯ ಬಾಷ್ ಕಂಪನಿ ಇದನ್ನು 1986ರಲ್ಲಿ ಜಗತ್ತಿನ ಮುಂದಿಟ್ಟಿತು. ಒಂದಕ್ಕೊಂದು ಹೆಣೆದುಕೊಂಡ ಎರಡು ವೈರುಗಳು. ಸುಮ್ಮನಿದ್ದಾಗ ಎರಡೂ 2.5 ವೋಲ್ಟ್. ಮಾತಾಡುವಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಕೇಳುವವರು ನೋಡುವುದು ಎರಡರ ನಡುವಿನ ವ್ಯತ್ಯಾಸ ಮಾತ್ರ. ಸ್ಪಾರ್ಕ್ ಪ್ಲಗ್‌ನಿಂದ ಗದ್ದಲ ಬಂದರೆ ಅದು ಎರಡೂ ವೈರಿಗೆ ಒಂದೇ ಥರ ತಾಗುತ್ತದೆ, ವ್ಯತ್ಯಾಸ ಹಾಗೇ ಉಳಿಯುತ್ತದೆ. ಎಷ್ಟು ಸರಳ ಉಪಾಯ ಅಲ್ವಾ! ಇಂಥ ಕಾರಿಗೆ ಹೊಸ ಸ್ಟೀರಿಯೊ ಹಾಕಬೇಕಾದರೆ ಆ ಸಂದೇಶ ಓದಿ 12 ವೋಲ್ಟ್ ಆಗಿ ತಿರುಗಿಸಿಕೊಡುವ ಪುಟ್ಟ ಕ್ಯಾನ್ ಬಸ್ ಡಬ್ಬಿ ನಡುವೆ ಇರಲೇಬೇಕು. ಅದಿಲ್ಲದೆ ಕೆಂಪನ್ನೂ ಹಳದಿಗೆ ಕಟ್ಟಿ ಕಳಿಸಿದರೆ ನನಗಾದದ್ದೇ ನಿಮಗೂ ಆಗುತ್ತದೆ.

ಹೊಸದು ಕೊಳ್ಳುವಾಗ ಎಲ್ಲರ ಕಣ್ಣಿಗೆ ಬೀಳುವುದು ಡಬ್ಬದ ಮೇಲಿನ "50 ವ್ಯಾಟ್ x 4". ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ ಸುಮಾರು 14.4. ಕಾರಿನ ಸ್ಪೀಕರ್ ಸಾಮಾನ್ಯವಾಗಿ 4 ಓಮ್. ಸ್ಪೀಕರಿನ ಒಂದು ವೈರನ್ನು ಸುಮ್ನೆ ಕಾರಿನ ಲೋಹದ ಮೈಗೆ, ಅಂದರೆ ಬಾಡಿಗೆ, ಸೇರಿಸಿ ಇನ್ನೊಂದನ್ನು ಮಾತ್ರ ಆಡಿಸಿದರೆ 6.5 ವ್ಯಾಟ್‌ಗಿಂತ ಜಾಸ್ತಿ ಏನೂ ಸಿಗುವುದಿಲ್ಲ. ಅದಕ್ಕೇ ಇಂದಿನ ಸ್ಟೀರಿಯೊಗಳು ಎರಡೂ ವೈರುಗಳನ್ನು ಆಡಿಸುತ್ತವೆ. ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ. ಗರಗಸವನ್ನು ಇಬ್ಬರು ಎರಡು ತುದಿಯಲ್ಲಿ ಹಿಡಿದು ಎಳೆದ ಹಾಗೆ. ಸ್ಪೀಕರಿಗೆ ಎರಡರಷ್ಟು ವೋಲ್ಟೇಜ್ ಸಿಗುತ್ತದೆ, ಪವರ್ ನಾಲ್ಕರಷ್ಟಾಗುತ್ತದೆ. ಲೆಕ್ಕ ಹಾಕಿದರೆ 26 ವ್ಯಾಟ್. ಒಳಗಿನ ನಷ್ಟ ಕಳೆದು, ಸ್ವರ ಒಡೆಯದೆ ಸಿಗುವುದು 20ರ ಆಸುಪಾಸು.

ಹಾಗಾದರೆ 50 ಎಲ್ಲಿಂದ ಬಂತು? 14.4ನ್ನು 14.4ರಿಂದ ಗುಣಿಸಿ 4ರಿಂದ ಭಾಗಿಸಿ. 51.8! ಅಂದರೆ ವಾಲ್ಯೂಮ್ ಪೂರ್ತಿ ಏರಿಸಿ, ಹಾಡಿನ ಅಲೆಗಳ ತಲೆ ಬುಡ ಎರಡೂ ಕತ್ತರಿಸಿಹೋಗಿ, ಅಲೆ ಚೌಕವಾದಾಗ ಬರುವ ಪವರ್ ಅದು. ಅದನ್ನು ಸಂಗೀತ ಎನ್ನಲು ನನಗೆ ಮನಸ್ಸಿಲ್ಲ. ಅದು ಸ್ಪೀಕರ್ ಸುಡುವ ದಾರಿ. ನಿಜ ತಿಳಿಯಬೇಕಾದರೆ ಸ್ಟೀರಿಯೊದ ಹಿಂದೆ ಇರುವ ಫ್ಯೂಸ್ ನೋಡಿ. ನನ್ನದರಲ್ಲಿ ಇದ್ದದ್ದು 10 ಆಂಪಿಯರ್. 14.4 ವೋಲ್ಟ್‌ಗೆ ಅದು 144 ವ್ಯಾಟ್ ಆಯಿತು. ಅಷ್ಟನ್ನು ಒಳಗೆ ತೆಗೆದುಕೊಂಡು, ಅದರಲ್ಲೊಂದು ಪಾಲನ್ನು ಬಿಸಿಯಾಗಿ ಕಳೆದು, 200 ವ್ಯಾಟನ್ನು ಬಿಡದೆ ಹೊರಗೆ ಕೊಡುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಡಬ್ಬದ ಮೇಲೆ ಆರ್‌ಎಮ್‌ಎಸ್ (ಬಿಡದೆ ಕೊಡಬಲ್ಲ ಪವರ್) ಎಂದು ಬರೆದ ಅಂಕಿಯನ್ನು ಹುಡುಕಿ, ಅದನ್ನೇ ನಂಬಿ.

ಇದೇ ಕಾರಣಕ್ಕೆ ಸ್ಪೀಕರಿನ ಯಾವ ವೈರೂ ಕಾರಿನ ಬಾಡಿಗೆ ತಾಗಬಾರದು. ತಾಗಿದರೆ ಆಡುತ್ತಿರುವ ಒಂದು ತುದಿಯನ್ನು ನೇರ ಅರ್ಥ್ ಮಾಡಿದಂತೆ. ಒಳಗಿನ ಆಂಪ್ಲಿಫೈಯರ್ ಚಿಪ್ ಹೋಗಬಹುದು. ಬಾಡಿಗೆ ಸೇರಬೇಕಾದದ್ದು ಕಪ್ಪು ವೈರು ಮಾತ್ರ. ಅದೂ ಪೇಂಟ್ ಇಲ್ಲದ ಜಾಗದಲ್ಲಿ ಗಟ್ಟಿಯಾಗಿ ಕೂರಬೇಕು. ಆಕ್ಸಿಲರೇಟರ್ ಒತ್ತಿದ ಹಾಗೆಲ್ಲ ಸ್ಪೀಕರಿನಲ್ಲಿ "ಕುಂಯ್" ಎಂಬ ಸದ್ದು ಏರುತ್ತಿದ್ದರೆ ಮೊದಲು ಈ ವೈರನ್ನೇ ಸಂಶಯಪಡಿ. ಅದು ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್‌ನ ದನಿ.

ಎಲೆಕ್ಟ್ರಿಷಿಯನ್ ನನ್ನ ಕಾರಿನ ಸ್ಟೀರಿಯೊ ಹೊರಗೆಳೆದು ಟೇಪ್ ಬಿಚ್ಚಿದರು. ಕೀ ತೆಗೆದು ಮೀಟರ್ ಮುಟ್ಟಿಸಿದರು. ಆಗಲೂ 12 ವೋಲ್ಟ್ ತೋರಿಸಿದ ವೈರಿಗೆ ಹಳದಿ, ಕೀ ತಿರುಗಿಸಿದಾಗ ಮಾತ್ರ ತೋರಿಸಿದ್ದಕ್ಕೆ ಕೆಂಪು. ನಿಂತ ಕಾರಿನ ಕರೆಂಟ್ 20 ಮಿಲಿ ಆಂಪಿಯರಿಗೆ ಇಳಿಯಿತು. "ಕಪ್ಲರ್ ಕಟ್ ಮಾಡಬಾರದಿತ್ತು" ಎಂದು ಅವರು ನೊಂದುಕೊಂಡರು. ಹೆಚ್ಚಿನ ಕಾರುಗಳಿಗೆ, ಒಂದು ತುದಿ ಕಾರಿನ ಕಪ್ಲರಿಗೂ ಇನ್ನೊಂದು ತುದಿ ಹೊಸ ಸ್ಟೀರಿಯೊಗೂ ಕೂರುವ ರೆಡಿ ಹಾರ್ನೆಸ್ (ವೈರುಗಳ ಕಟ್ಟು) ಸಿಗುತ್ತದೆ. ಸ್ಟೀರಿಯೊದ ಬೆಲೆಯ ಮುಂದೆ ಅದು ಏನೂ ಅಲ್ಲ. ಹಾಕಿಸುವ ಮೊದಲೇ ಅದನ್ನು ಕೇಳಿ ತರಿಸಿ. ಮುಂದೆ ಹಳೆಯ ಸ್ಟೀರಿಯೊವನ್ನೇ ವಾಪಸ್ ಹಾಕಬೇಕಾದರೂ ಹಾರ್ನೆಸ್ ಎಳೆದು ಮೊದಲಿನಂತೆ ಚುಚ್ಚಿದರೆ ಆಯಿತು.

ಹೊರಡುವಾಗ ಅವರನ್ನು ಇನ್ನೊಂದು ಕೇಳಿದೆ. "ಅಣ್ಣಾ, ಬೆಂಗಳೂರಲ್ಲಿ ಎಫ್‌ಎಂ ಕೂಡ ಬರೀ ಸುಯ್ ಅನ್ನುತ್ತೆ, ಯಾಕೆ?" ಅವರು ಒಂದು ನೀಲಿ ವೈರು ತೋರಿಸಿದರು. ಅದು ಯಾವುದಕ್ಕೂ ಸೇರದೆ ನೇತಾಡುತ್ತಿತ್ತು. ಆಕಾಶವಾಣಿಯ ಎಫ್‌ಎಂ ರೇನ್‌ಬೋ ಬೆಂಗಳೂರಿನಲ್ಲಿ ಬರುವುದು 101.3 ಮೆಗಾಹರ್ಟ್ಸ್‌ನಲ್ಲಿ. ಆ ಅಲೆಯ ಉದ್ದ ಸುಮಾರು ಮೂರು ಮೀಟರ್. ಅದನ್ನು ಚೆನ್ನಾಗಿ ಹಿಡಿಯಲು ಅದರ ಕಾಲು ಭಾಗ, ಅಂದರೆ 74 ಸೆಂಟಿಮೀಟರ್ ಕಡ್ಡಿ ಬೇಕು. ಹಳೆಯ ಕಾರುಗಳ ಉದ್ದನೆಯ ಆಂಟೆನಾ ನೆನಪಿದೆಯಾ? ನನ್ನ ಕಾರಿನ ಮೇಲಿರುವುದು ಒಂದು ಗೇಣಿನಷ್ಟು. ಅದು ಹಿಡಿಯುವ ಕ್ಷೀಣ ಸಂಕೇತವನ್ನು ದೊಡ್ಡದು ಮಾಡಲು ಅದರ ಬುಡದಲ್ಲೇ ಒಂದು ಆಂಪ್ಲಿಫೈಯರ್ ಅಡಗಿದೆ. ಅದಕ್ಕೂ 12 ವೋಲ್ಟ್ ಬೇಕು. ಹಳೆಯ ಸ್ಟೀರಿಯೊ ಅದನ್ನು ಆಂಟೆನಾ ಕೇಬಲ್ ಮೂಲಕವೇ ಕಳಿಸುತ್ತಿತ್ತು. ಹೊಸದು ನೀಲಿ ವೈರಿನಲ್ಲಿ ಕೊಡುತ್ತದೆ, ನಡುವೆ ಒಂದು ಅಡಾಪ್ಟರ್ ಇದ್ದರೆ ಮಾತ್ರ ಅದು ಆಂಟೆನಾಗೆ ತಲುಪುತ್ತದೆ.

ಅಡಾಪ್ಟರ್ ಅವರ ಬಳಿ ಇರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ನಾನೇ ತಂದು ಚುಚ್ಚಿದೆ. 101.3ಕ್ಕೆ ತಿರುಗಿಸಿದಾಗ ಉದ್ಘೋಷಕಿಯ ಕನ್ನಡ ಪಕ್ಕದ ಸೀಟಿನಿಂದ ಬಂದಷ್ಟು ಸ್ಪಷ್ಟವಾಗಿ ಕೇಳಿತು. ಮರುದಿನ ಬೆಳಿಗ್ಗೆ ಕೀ ಹಾಕಿದಾಗಲೂ ಸ್ಟೀರಿಯೊ ಅಲ್ಲೇ ಇತ್ತು, ಗಡಿಯಾರ 8:40 ತೋರಿಸುತ್ತಿತ್ತು.